ಆಕಾಶ ಕಾಯ್ದ ವೇಣು ಬಾಪ್ಪು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚಿತ್ರ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದರು. ಇದೇ ಶಾಲೆಯಲ್ಲಿ ಓದಿ, ಮುಂದೆ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಹೇಳಿಕೊಟ್ಟು ಈ ವರ್ಷ ನಿವೃತ್ತನಾದವನು ನಾನು. ವಿಶ್ವೇಶ್ವರಯ್ಯನವರನ್ನೋ ಸಿ.ವಿ. ರಾಮನ್ ಅವರನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿದ್ದಿರಬೇಕು. ಖಗೋಳ ವಿಜ್ಞಾನಿ ವೇಣು ಬಾಪ್ಪು ಅವರ ಹೆಸರು ಹೇಳಿದಾಗ ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. (ನಮ್ಮ ಪತ್ರಿಕೆಗಳು ಈ ಹೆಸರನ್ನು ವೈನು ಬಪ್ಪು ಎಂದೂ ಬರೆಯುತ್ತವೆ.) ಅವರ ಮನೆಮಾತು ಕನ್ನಡವಲ್ಲ. ಆದರೆ ಅವರು ಕಟ್ಟಿ ಬೆಳೆಸಿದ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಅವರೇ ಏಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ನಾಲ್ಕು ಆಡುಗಳಿಂದ ಶುರು ಮಾಡಬೇಕು.

1979ರ ಜೂನ್‌ನಲ್ಲಿ ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದೆ. ಅಕ್ಕ ಇಲ್ಲಿಯೇ ಹತ್ತನೇ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅವಳು ಪಾಸಾದರೆ ಕೊಟ್ಟೂರಿನಲ್ಲಿ ಕಾಲೇಜಿಗೆ ಸೇರಿಸಬೇಕು ಎಂದು ಅವ್ವ ಆ ಖರ್ಚಿಗಾಗಿ ನಾಲ್ಕು ಆಡು ಸಾಕಿದ್ದಳು. ನಾನು ಸೇರಿ ತಿಂಗಳಾಗಿತ್ತೋ ಇಲ್ಲವೋ, ಸ್ಕೈಲ್ಯಾಬ್ ಬೀಳುತ್ತದೆ ಎಂಬ ಸುದ್ದಿ ಬಂತು. ಅಮೆರಿಕದವರು 1973ರಲ್ಲಿ ಮೇಲಕ್ಕೆ ಕಳಿಸಿದ್ದ, ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ ಅದು. ರೇಡಿಯೋದಲ್ಲಿ ದಿನವೂ ಅದೇ ಮಾತು. ಬೀಳುವುದು ಖಚಿತ, ಎಲ್ಲಿ ಎಂಬುದು ಖಚಿತವಲ್ಲ. ಆ ಸುದ್ದಿ ಕೂಡ್ಲಿಗಿ ಸಂತೆ ದಾಟಿ ನಮ್ಮ ಊರಿಗೆ ಬರುವಷ್ಟರಲ್ಲಿ ಲೋಕವೇ ಸುಟ್ಟು ಬೂದಿಯಾಗುತ್ತದೆ ಎಂದಾಗಿತ್ತು. 1962ರ ಅಷ್ಟಗ್ರಹ ಕೂಟದ ಭಯ ಕಂಡಿದ್ದ ಮುದುಕರು, ಆಗ ತಪ್ಪಿದ್ದು ಈಗ ಬಂತು ಎಂದು ತಲೆಯಾಡಿಸಿದರು. ಹೇಗೂ ಸಾಯುವುದೇ ಆದರೆ ಉಂಡು ಸಾಯೋಣ ಎಂದು ಊರಲ್ಲಿ ಕೋಳಿ ಕುರಿಗಳಿಗೆ ಗತಿ ಬಂತು. ಅಪ್ಪ ಎರಡು ಆಡು ಕೊಯ್ಸಿದ. ಉಳಿದ ಎರಡನ್ನು ಬಂದಷ್ಟು ಬೆಲೆಗೆ ಮಾರಿದ. ಲೋಕ ಮುಳುಗುವಾಗ ಆಡು ಕೊಳ್ಳಲು ಒಬ್ಬ ವ್ಯಾಪಾರಿ ಊರೂರು ಯಾಕೆ ತಿರುಗುತ್ತಿದ್ದಾನೆ ಎಂದು ಕೇಳಿದವಳು ಅಕ್ಕ ಒಬ್ಬಳೇ.

ಜುಲೈ 11ರ ರಾತ್ರಿ ಊರಿನಲ್ಲಿ ಯಾರೂ ಮಲಗಲಿಲ್ಲ. ಸ್ಕೈಲ್ಯಾಬ್‌ನ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಎಂದಿನಂತೆಯೇ ಇತ್ತು, ನಮ್ಮ ಕೊಟ್ಟಿಗೆ ಮಾತ್ರ ಖಾಲಿ. ಅಕ್ಕ ಮರುವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಕಾಲೇಜಿಗೆ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಅವಳನ್ನು ಹಡಗಲಿ ತಾಲ್ಲೂಕಿಗೆ ಕೊಟ್ಟರು. ಅಪ್ಪನನ್ನು ನಾನು ದೂರುವುದಿಲ್ಲ. ಅವನಿಗೆ ಗೊತ್ತಿದ್ದ ಮಟ್ಟಿಗೆ ಅವನು ಸರಿಯಾಗಿಯೇ ಲೆಕ್ಕ ಹಾಕಿದ್ದ. ಸರಿಯಾದ ಲೆಕ್ಕ ಹೇಳಬಲ್ಲವರು ಅವನ ಹತ್ತಿರ ಇರಲಿಲ್ಲ, ಅಷ್ಟೆ.

ಇದಾದ ಮರುತಿಂಗಳು, 1979ರ ಆಗಸ್ಟ್‌ನಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನಿರ್ದೇಶಕರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯರು ವೇಣು ಬಾಪ್ಪು. ಇಡೀ ಜಗತ್ತಿನ ಖಗೋಳ ವಿಜ್ಞಾನಿಗಳ ಮುಂದಾಳು ನಮ್ಮ ರಾಜ್ಯದಲ್ಲೇ ಕುಳಿತಿದ್ದಾಗ ನಾವು ಇಲ್ಲಿ ಆಡು ಕೊಯ್ದಿದ್ದೆವು ಎಂಬುದು ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಬಾಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ. ಆಗ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಆ ಲೆಕ್ಕದಲ್ಲಿ ಅವರು ನಮ್ಮ ಪ್ರಾಂತ್ಯದವರೇ ಎನ್ನಲು ನನಗೆ ಆಸೆ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಹುಡುಗ ಬೆಳೆದದ್ದು ಅಲ್ಲಿಯೇ, ದೂರದರ್ಶಕಗಳ ನಡುವೆ. ನಮ್ಮ ಮಕ್ಕಳು ಶೇಂಗಾ ಹೊಲದಲ್ಲಿ ಬೆಳೆದಂತೆ. ಕಾಲೇಜಿನಲ್ಲಿ ಓದುವಾಗಲೇ ಬೆಳಕು ಹೆಚ್ಚು ಕಡಿಮೆ ಆಗುವ ನಕ್ಷತ್ರಗಳನ್ನು ರಾತ್ರಿ ಕುಳಿತು ಅಳೆದು ಲೇಖನ ಬರೆದು ಕಳಿಸುತ್ತಿದ್ದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, 1949ರಲ್ಲಿ ಅಮೆರಿಕದ ಹಾರ್ವರ್ಡ್‌ಗೆ ಹೋದರು.

ಹೋಗಿ ಕೆಲವೇ ತಿಂಗಳು. ಜುಲೈ 2ರ ರಾತ್ರಿ ಆಕಾಶದ ಫೋಟೋ ತೆಗೆದ ಗಾಜಿನ ತಟ್ಟೆಯನ್ನು ಪರೀಕ್ಷಿಸುವಾಗ, ನಕ್ಷತ್ರಗಳ ಚುಕ್ಕೆಗಳ ನಡುವೆ ಮಸುಕಾದ ಬೇರೆಯದೇ ಗುರುತು ಬಾಪ್ಪು ಅವರಿಗೆ ಕಂಡಿತು. ಅದೊಂದು ಹೊಸ ಧೂಮಕೇತು. ತಮ್ಮ ಗುರು ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಜೊತೆ ಸೇರಿ ಅದನ್ನು ಖಚಿತಪಡಿಸಿದರು. ಆ ಧೂಮಕೇತುವಿಗೆ ಬಾಪ್ಪು-ಬಾಕ್-ನ್ಯೂಕರ್ಕ್ ಎಂದೇ ಹೆಸರು. ಸೂರ್ಯನನ್ನು ಒಮ್ಮೆ ಸುತ್ತಿ ಬರಲು ಅದಕ್ಕೆ ಸುಮಾರು 60 ಸಾವಿರ ವರ್ಷ ಬೇಕೆಂದು ಲೆಕ್ಕ ಹಾಕಿದರು. ಈ ಕಂಡುಹಿಡಿಯುವಿಕೆಗೆ ಅವರಿಗೆ ಡೊನೊಹೊ ಧೂಮಕೇತು ಪದಕ ಬಂತು. ಆಗ ಅವರಿಗೆ ವಯಸ್ಸು ಇಪ್ಪತ್ತೆರಡೂ ತುಂಬಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರಾರು ಚುಕ್ಕೆಗಳಲ್ಲಿ ಒಂದು ಚುಕ್ಕೆ ತಪ್ಪಾದ ಜಾಗದಲ್ಲಿದೆ ಎಂದು ಗುರುತಿಸುವ ಈ ಕೆಲಸ ಇದೆಯಲ್ಲ, ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳನ್ನು ಹುಡುಕುವವರು ಮಾಡುವುದೂ ಇದನ್ನೇ. ಕ್ಷುದ್ರಗ್ರಹವೆಂದರೆ ಸೂರ್ಯನ ಸುತ್ತ ತಿರುಗುವ ಬಂಡೆ. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವೆ. ಕೆಲವು ಮಾತ್ರ ನಮ್ಮ ದಾರಿಗೆ ಅಡ್ಡ ಬರುತ್ತವೆ. ಅವಕ್ಕೆ ಸ್ವಂತ ಬೆಳಕಿಲ್ಲ, ದೂರದಲ್ಲಿ ನಕ್ಷತ್ರದಂತೆಯೇ ಕಾಣುತ್ತವೆ. ಒಂದು ಗಂಟೆ ಬಿಟ್ಟು ನೋಡಿದಾಗ ನಕ್ಷತ್ರಗಳೆಲ್ಲ ಒಂದಕ್ಕೊಂದು ಅದೇ ದೂರದಲ್ಲಿದ್ದು, ಒಂದು ಚುಕ್ಕೆ ಮಾತ್ರ ಸರಿದಿದ್ದರೆ ಅದೇ ಕಳ್ಳ. ಹಿಂಡು ಕಾಯುವ ಹುಡುಗನಿಗೆ ಬೇರೆಯವರ ಕುರಿ ಸೇರಿಕೊಂಡದ್ದು ತಟ್ಟನೆ ಗೊತ್ತಾಗುತ್ತದಲ್ಲ, ಹಾಗೆ. ಅದಕ್ಕೆ ಬೇಕಾದದ್ದು ಪ್ರತಿ ರಾತ್ರಿ ಕಾಯುವ ತಾಳ್ಮೆ, ಒಳ್ಳೆಯ ಕನ್ನಡಿ, ಕತ್ತಲೆಯ ಜಾಗ.

1952ರಲ್ಲಿ ಡಾಕ್ಟರೇಟ್ ಪಡೆದ ಬಾಪ್ಪು, ಕ್ಯಾಲಿಫೋರ್ನಿಯಾದ ವೀಕ್ಷಣಾಲಯಗಳಲ್ಲಿ ಓಲಿನ್ ವಿಲ್ಸನ್ ಅವರ ಜೊತೆ ಕೆಲಸ ಮಾಡಿದರು. ಇಬ್ಬರೂ 1957ರಲ್ಲಿ ಪ್ರಕಟಿಸಿದ್ದನ್ನು ಇಂದಿಗೂ ವಿಲ್ಸನ್-ಬಾಪ್ಪು ಪರಿಣಾಮ ಎನ್ನುತ್ತಾರೆ. ರಾತ್ರಿ ಹೊಸಪೇಟೆ ರಸ್ತೆಯಲ್ಲಿ ದೂರದಿಂದ ಒಂದು ದೀಪ ಬರುತ್ತಿದೆ ಎನ್ನಿ. ಅದು ಹತ್ತಿರದ ಸೈಕಲ್ ದೀಪವೋ ದೂರದ ಲಾರಿಯದೋ ಹೇಳುವುದು ಕಷ್ಟ. ದೀಪ ನಿಜಕ್ಕೂ ಎಷ್ಟು ಪ್ರಖರ ಎಂದು ತಿಳಿದರೆ ದೂರ ಲೆಕ್ಕ ಹಾಕಬಹುದು. ನಕ್ಷತ್ರದ ಬೆಳಕಿನಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ಗೆರೆಯ ಅಗಲ ಅಳೆದರೆ ಆ ನಕ್ಷತ್ರದ ನಿಜವಾದ ಪ್ರಖರತೆ ಗೊತ್ತಾಗುತ್ತದೆ ಎಂದು ಅವರು ತೋರಿಸಿದರು.

ಅಮೆರಿಕದಲ್ಲೇ ಉಳಿದಿದ್ದರೆ ಸುಖವಾಗಿ ಇರಬಹುದಿತ್ತು. 1953ರಲ್ಲಿ ಮರಳಿ ಬಂದರು. ಉತ್ತರ ಪ್ರದೇಶದ ಹೊಸ ವೀಕ್ಷಣಾಲಯವನ್ನು ನೈನಿತಾಲ್‌ನಲ್ಲಿ ನೆಲೆಗೊಳಿಸಿ, 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಈ ಕೊಡೈಕೆನಾಲ್ ನಮ್ಮ ಹಳೆಯ ಮದರಾಸು ವೀಕ್ಷಣಾಲಯದ ವಾರಸುದಾರ. ಏಷ್ಯಾ ಖಂಡದಿಂದ ಮೊತ್ತಮೊದಲ ಕ್ಷುದ್ರಗ್ರಹ ಕಂಡದ್ದು 1861ರಲ್ಲಿ, ಆ ಮದರಾಸಿನಿಂದಲೇ. ಕಂಡವರು ನಾರ್ಮನ್ ಪಾಗ್ಸನ್, ಅದಕ್ಕೆ ಇಟ್ಟ ಹೆಸರೂ ಏಷ್ಯಾ.

ಕೊಡೈಕೆನಾಲ್‌ನಲ್ಲಿ ಇಪ್ಪತ್ತನೇ ಶತಮಾನದ ಆರಂಭದಿಂದಲೂ ಸೂರ್ಯನ ಫೋಟೋ ದಿನದಿನವೂ ತೆಗೆಯುತ್ತಾ ಬಂದಿದ್ದಾರೆ. ಸೂರ್ಯನ ಮೇಲೆ ಕಲೆಗಳು ಹೆಚ್ಚಿ ಅದು ಉಗ್ರವಾದಾಗ ಭೂಮಿಯ ಮೇಲ್ಗಾಳಿ ಕಾದು ಉಬ್ಬುತ್ತದೆ. ಉಬ್ಬಿದ ಗಾಳಿ ಮೇಲೆ ತಿರುಗುವ ಯಂತ್ರಗಳನ್ನು ತಡೆದು ಕೆಳಕ್ಕೆಳೆಯುತ್ತದೆ. ಸ್ಕೈಲ್ಯಾಬ್ ಎಣಿಸಿದ್ದಕ್ಕಿಂತ ಬೇಗ ಬಿದ್ದದ್ದು ಇದರಿಂದಲೇ, ಅದು ಬೀಳುವ ಜಾಗ ಹೇಳಲು ಆಗದಿದ್ದದ್ದೂ ಇದರಿಂದಲೇ. ಕ್ಷುದ್ರಗ್ರಹದ ಸಂಗತಿ ಬೇರೆ. ಅದು ಗಾಳಿಯಿಲ್ಲದ ಬಯಲಿನಲ್ಲಿ ಸೂರ್ಯನ ಮತ್ತು ಗ್ರಹಗಳ ಸೆಳೆತಕ್ಕೆ ಒಳಪಟ್ಟು ಸಾಗುತ್ತದೆ. ಸಾಕಷ್ಟು ಕಾಲ ಸರಿಯಾಗಿ ನೋಡುತ್ತಾ ಬಂದರೆ ಹತ್ತಾರು ವರ್ಷ ಮುಂದಿನ ದಾರಿಯನ್ನು ದಿನ, ಗಂಟೆ ಸಮೇತ ಹೇಳಬಹುದು. ಎಂಟನೇ ತರಗತಿಯಲ್ಲಿ ಇದನ್ನು ಯಾರಾದರೂ ನನಗೆ ಹೇಳಿದ್ದರೆ!

ಬಾಪ್ಪು ಅವರ ಬದುಕಿನ ದೊಡ್ಡ ಕೆಲಸ ಕಾವಲೂರು. ಕೊಡೈಕೆನಾಲ್ ಸೂರ್ಯನಿಗೆ ಸರಿ, ರಾತ್ರಿಯ ನಕ್ಷತ್ರಗಳಿಗೆ ಅಲ್ಲಿನ ಮೋಡ ಅಡ್ಡಿ. ದಕ್ಷಿಣ ಭಾರತವನ್ನೆಲ್ಲ ಸುತ್ತಿ ಅವರು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟದ ಈ ಹಳ್ಳಿಯನ್ನು. ಸುತ್ತ ಶ್ರೀಗಂಧದ ಕಾಡು, ರಾತ್ರಿ ಗವ್ವೆನ್ನುವ ಕತ್ತಲೆ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ದಕ್ಷಿಣದ ಆಕಾಶವೂ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಬೆಳಗಾಗಿ ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ಕತ್ತಲಾಗದ ಹೊತ್ತಿನಲ್ಲಿ ಆಕಾಶ ಕಾಯಲು ನಡುವೆ ಒಬ್ಬರು ಬೇಕಲ್ಲ, ಆ ಪಾಳಿ ಕಾವಲೂರಿನದು. ಊರಿನ ಹೆಸರಿನಲ್ಲೇ ಕಾವಲು ಇದೆ ಎಂದು ನಾನು ಮಕ್ಕಳಿಗೆ ತಮಾಷೆ ಮಾಡುತ್ತಿದ್ದೆ.

ಅಲ್ಲಿ 1968ರಲ್ಲಿ ಮೊದಲು ನಿಂತದ್ದು ತಾವೇ ಮಾಡಿಕೊಂಡ 38 ಸೆಂಟಿಮೀಟರ್‌ನ ದೂರದರ್ಶಕ. 1972ರಲ್ಲಿ ಜರ್ಮನಿಯ ಒಂದು ಮೀಟರ್‌ನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ನೋಡುತ್ತಿದ್ದಾಗ, ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ತಗ್ಗಿದ್ದು ಕಾವಲೂರಿನಲ್ಲೂ ದಾಖಲಾಯಿತು. ಯುರೇನಸ್‌ಗೆ ಬಳೆಗಳಿವೆ ಎಂದು ಲೋಕಕ್ಕೆ ತಿಳಿದದ್ದು ಆ ರಾತ್ರಿಯ ವೀಕ್ಷಣೆಗಳಿಂದ. ಇದರ ನಡುವೆ 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಸ್ವಾಯತ್ತವಾಗಿ, ಅದರ ಕೇಂದ್ರ ಬೆಂಗಳೂರಿಗೆ ಬಂತು. ಬಾಪ್ಪು ಅವರ ಹಟ ಒಂದೇ: ದೊಡ್ಡ ದೂರದರ್ಶಕವನ್ನು ಹೊರಗಿನಿಂದ ಕೊಳ್ಳಬಾರದು, ಇಲ್ಲಿಯೇ ಮಾಡಬೇಕು. 2.34 ಮೀಟರ್ ಅಗಲದ ಕನ್ನಡಿಯ ಗಾಜು ಹೊರದೇಶದ್ದು, ಅರೆದು ಉಜ್ಜಿ ಹದಕ್ಕೆ ತಂದದ್ದು ಬೆಂಗಳೂರಿನಲ್ಲಿ. ವರ್ಷಗಟ್ಟಲೆ ಉಜ್ಜುವ ಕೆಲಸ. ಕೂದಲೆಳೆಯ ನೂರರಲ್ಲೊಂದು ಪಾಲು ತಪ್ಪಿದರೂ ಕೆಟ್ಟಿತು.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿ ಮುಗಿದು ಎರಡು ದಿನ. ಆ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ಏರಿ ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬಾಪ್ಪು ಅವರ ಸಂಸ್ಥೆಯವರು ಉಪಕರಣಗಳನ್ನು ಹೂಡಿಕೊಂಡು ಕಾಯುತ್ತಿದ್ದರು. ಹೊರದೇಶಗಳ ವಿಜ್ಞಾನಿಗಳೂ ಕರ್ನಾಟಕಕ್ಕೆ ಬಂದಿದ್ದರು. ನಮ್ಮ ಕೂಡ್ಲಿಗಿ ಆ ನೆರಳಿನ ಪಟ್ಟಿಯಿಂದ ದಕ್ಷಿಣಕ್ಕೆ ಹೊರಗೆ ಉಳಿದಿತ್ತು. ಇಲ್ಲಿ ಸೂರ್ಯ ಪೂರ್ತಿ ಮುಚ್ಚದೆ ಒಂದು ತೆಳು ಕುಡುಗೋಲಾಗಿ ಉಳಿದ. ಉಳಿದನಂತೆ ಎನ್ನಬೇಕು, ನಾನು ಹೊರಗೆ ಹೋಗಲಿಲ್ಲ. ಅಜ್ಜಿ ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿ, ಬಾಗಿಲು ಹಾಕಿ ನಮ್ಮನ್ನೆಲ್ಲ ಒಳಗೆ ಕೂರಿಸಿದ್ದಳು. ಮೂರೂ ಮುಕ್ಕಾಲರ ಹೊತ್ತಿಗೆ ಅಕ್ಕ ನನ್ನ ತೋಳು ಹಿಡಿದೆಳೆದು ಗೋಡೆ ತೋರಿಸಿದಳು. ಪಡುವಲ ಬಾಗಿಲಿಗೆ ಬಡಿದ ತಗಡಿನಲ್ಲಿ ಮೊಳೆಯ ತೂತೊಂದಿತ್ತು. ಅದರಿಂದ ಬಂದ ಬೆಳಕು ದಿನವೂ ಎದುರಿನ ಗೋಡೆಯ ಮೇಲೆ ದುಂಡಗೆ ಬೀಳುತ್ತಿತ್ತು. ಆ ದಿನ ಅದು ಬಿದಿಗೆಯ ಚಂದ್ರನಂತೆ ಬಾಗಿತ್ತು. ಹೊರಗೆ ಹೋಗದೆಯೇ ಗ್ರಹಣ ನಮ್ಮ ಮನೆಯೊಳಗೆ ಬಂದಿತ್ತು. ಅಕ್ಕ ಇದ್ದಿಲು ತಂದು ಗೋಡೆಯ ಮೇಲೆ ಅದರ ಅಂಚು ಬರೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು, ಮತ್ತೊಂದು. ಸುಣ್ಣ ಬಳಿಯುವವರೆಗೂ ಆ ಗುರುತುಗಳು ಇದ್ದವು.

ಬಾಪ್ಪು ತಮ್ಮ ದೊಡ್ಡ ಕನ್ನಡಿ ಆಕಾಶ ನೋಡುವುದನ್ನು ಕಾಣಲಿಲ್ಲ. 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 55. ದೂರದರ್ಶಕ ಸಿದ್ಧವಾಗಿ, 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೇಣು ಬಾಪ್ಪು ಅವರ ಹೆಸರಿಟ್ಟರು. 1988ರ ಫೆಬ್ರವರಿಯಲ್ಲಿ ಅದೇ ಕಾವಲೂರಿನ ಚಿಕ್ಕದೊಂದು ದೂರದರ್ಶಕದಿಂದ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡರು. ಪಾಗ್ಸನ್ ಕಾಲದ ನಂತರ, ನೂರು ವರ್ಷ ಕಳೆದು, ಭಾರತದ ನೆಲದಿಂದ ಕಂಡದ್ದು. ಅದರ ಸಂಖ್ಯೆ 4130, ಹೆಸರು ರಾಮಾನುಜನ್. ಬಾಪ್ಪು ಅವರ ಹೆಸರಿನ ಕ್ಷುದ್ರಗ್ರಹವೂ ಇದೆ, ಸಂಖ್ಯೆ 2596.

ಇಷ್ಟಕ್ಕೂ ಆಕಾಶದಿಂದ ಕಲ್ಲು ಬೀಳುವುದು ಕಟ್ಟುಕಥೆಯಲ್ಲ. ನಮ್ಮ ರಾಜ್ಯದಲ್ಲಿಯೇ 1865ರಲ್ಲಿ ಮದ್ದೂರಿನಲ್ಲೂ 1866ರಲ್ಲಿ ಉಡುಪಿಯಲ್ಲೂ ಉಲ್ಕಾಶಿಲೆಗಳು ಬಿದ್ದಿವೆ. ಮಹಾರಾಷ್ಟ್ರದ ಲೋಣಾರ್ ಕೆರೆ, ಎಂದೋ ಬಡಿದ ಬಂಡೆ ತೋಡಿದ ಸುಮಾರು 1.8 ಕಿಲೋಮೀಟರ್ ಅಗಲದ ಗುಳಿ. (ಗುಡೇಕೋಟೆಯ ಬಂಡೆಗಳೂ ಮೇಲಿನಿಂದ ಬಿದ್ದವೇ ಎಂದು ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ಅಲ್ಲ, ಅವು ಇಲ್ಲಿಯದೇ ಕಲ್ಲು, ಮಳೆ ಬಿಸಿಲಿಗೆ ಸವೆದು ದುಂಡಾದವು.) 1994ರ ಜುಲೈನಲ್ಲಿ ಒಂದು ಧೂಮಕೇತುವಿನ ಚೂರುಗಳು ಗುರು ಗ್ರಹಕ್ಕೆ ಬಡಿದು, ಅಲ್ಲಿ ಭೂಮಿಯಷ್ಟು ಅಗಲದ ಕಪ್ಪು ಕಲೆಗಳು ಎದ್ದವು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್‌ನ ಬಂಡೆ ಗಾಳಿಯಲ್ಲೇ ಸಿಡಿಯಿತು. ನಮ್ಮ ಗುಡ್ಡಗಳಲ್ಲಿ ಅಷ್ಟು ದೊಡ್ಡ ಗುಂಡುಗಳು ಬೇಕಾದಷ್ಟಿವೆ. ಒಡೆದ ಕಿಟಕಿ ಗಾಜಿನಿಂದಲೇ ಹೆಚ್ಚಾಗಿ, ಸಾವಿರದೈನೂರರಷ್ಟು ಜನ ಗಾಯಗೊಂಡರು. ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಮೊದಲೇ ಕಂಡವರು ಯಾರೂ ಇಲ್ಲ. ಒಂದು ಕಿಲೋಮೀಟರ್‌ಗಿಂತ ದೊಡ್ಡವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಲೆಕ್ಕಕ್ಕೆ ಸಿಕ್ಕಿವೆ. ಒಂದು ನಗರವನ್ನು ಅಳಿಸಬಲ್ಲ 140 ಮೀಟರ್ ಮತ್ತು ಮೇಲಿನವುಗಳಲ್ಲಿ ಇನ್ನೂ ಅರ್ಧದಷ್ಟೂ ಸಿಕ್ಕಿಲ್ಲ. ಕಂಡರೆ ಉಪಾಯವಿದೆ. 2022ರ ಸೆಪ್ಟೆಂಬರ್‌ನಲ್ಲಿ ನಾಸಾದವರು ಡಿಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ನೌಕೆಯೊಂದನ್ನು ಬೇಕೆಂದೇ ಡಿಕ್ಕಿ ಹೊಡೆಸಿ ಅದರ ಸುತ್ತಾಟವನ್ನು ಅರ್ಧ ಗಂಟೆಗೂ ಹೆಚ್ಚು ಬದಲಿಸಿದರು. ಕಾಣದಿದ್ದರೆ ಉಪಾಯವಿಲ್ಲ.

2025ರ ಫೆಬ್ರವರಿಯಲ್ಲಿ ಅಕ್ಕ ಫೋನ್ ಮಾಡಿದಳು. ಮೈಲಾರದ ಕಾರಣೀಕ ಮುಗಿದ ದಿನಗಳು. ನಮ್ಮ ಕಡೆ ಮುಂದಿನ ಮಾತು ಬರುವುದು ಆಕಾಶದ ಕಡೆಯಿಂದಲೇ ತಾನೇ. ಗೊರವಯ್ಯ ಬಿಲ್ಲೇರಿ ಮೇಲೆ ನೋಡಿ ಹೇಳುವ ಒಂದು ಮಾತಿಗೆ ಲಕ್ಷ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಆದರೆ ಅಕ್ಕ ಕೇಳಿದ್ದು ಟೀವಿಯಲ್ಲಿ ಬಂದ ಸುದ್ದಿಯ ಬಗ್ಗೆ. 2024 ವೈಆರ್4 ಎಂಬ ಸುಮಾರು 60 ಮೀಟರ್‌ನ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯಬಹುದು, ಬಡಿಯಬಹುದಾದ ಜಾಗಗಳಲ್ಲಿ ನಮ್ಮ ದೇಶವೂ ಇದೆ ಎಂದು ಹೇಳುತ್ತಿದ್ದರು. ಸಾಧ್ಯತೆ ನೂರಕ್ಕೆ ಒಂದು ಇದ್ದದ್ದು ಮೂರಕ್ಕೆ ಏರಿತ್ತು. ಅವಳ ಮೊಮ್ಮಗಳು ಹೆದರಿ ಊಟ ಬಿಟ್ಟಿದ್ದಳು.

ನಾನು ಅವಳಿಗೆ ಆಡಿನ ಲೆಕ್ಕದಲ್ಲೇ ಹೇಳಿದೆ. ಹತ್ತು ಎಕರೆ ಹೊಲದಲ್ಲಿ ಆಡು ಕಳೆದಿದೆ, ಹೊಲದಲ್ಲೊಂದು ಹಾಳುಬಾವಿ ಇದೆ. ಆಡು ಬಾವಿಗೆ ಬಿದ್ದಿರುವ ಭಯ ಮೊದಲು ಸ್ವಲ್ಪವೇ. ಹುಡುಕುತ್ತಾ ಎಂಟು ಎಕರೆಯಲ್ಲಿ ಇಲ್ಲವೆಂದಾಯಿತು, ಬಾವಿ ಮಿಕ್ಕ ಎರಡು ಎಕರೆಯಲ್ಲಿದೆ. ಭಯ ಹೆಚ್ಚುತ್ತದೆ. ಇನ್ನೊಂದಿಷ್ಟು ಹುಡುಕಿದಾಗ ಆಡು ಬದುವಿನ ಆಚೆ ಮೇಯುವುದು ಕಂಡರೆ ಭಯವೇ ಇಲ್ಲ. ಸಾಧ್ಯತೆ ಏರಿದ್ದು ಬಂಡೆ ನಮ್ಮತ್ತ ತಿರುಗಿದ್ದರಿಂದ ಅಲ್ಲ, ಹುಡುಕುವ ಜಾಗ ಕಿರಿದಾದ್ದರಿಂದ. ನೋಡುವವರು ನೋಡುತ್ತಲೇ ಇದ್ದಾರೆ, ಎರಡು ವಾರ ತಡೆ ಎಂದೆ. ಅಷ್ಟೂ ಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ಭೂಮಿಗೆ ಅಪಾಯವಿಲ್ಲವೆಂದು ಲೆಕ್ಕ ಬಂತು. ಮತ್ತೆ ಫೋನ್ ಮಾಡಿದಾಗ ಅಕ್ಕ ಆ ಸುದ್ದಿ ಮಾತಾಡಲಿಲ್ಲ. ಆ ನಾಲ್ಕರಲ್ಲಿ ಕಪ್ಪು ಆಡಿಗೆ ಹೊಟ್ಟೆಯಲ್ಲಿ ಮರಿ ಇತ್ತು ಎಂದಳು. ನಲವತ್ತಾರು ವರ್ಷದಲ್ಲಿ ಅವಳು ಅದನ್ನು ಹೇಳಿದ್ದು ಅದೇ ಮೊದಲು.

ಈಗ ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಒಂದು ದಿನಾಂಕ ಬರೆದಿಟ್ಟುಕೊಳ್ಳಿ. 2029ರ ಏಪ್ರಿಲ್ 13, ಶುಕ್ರವಾರ. ಆ ರಾತ್ರಿ ಕಳೆದು, ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ ಮೂರು ದಾಟಿದಾಗ, ಅಪೋಫಿಸ್ ಎಂಬ 300 ಮೀಟರ್‌ಗೂ ಮಿಕ್ಕಿದ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಬಡಿಯುವುದಿಲ್ಲ. ಇಪ್ಪತ್ತು ವರ್ಷ ಕಾದು ನೋಡಿ ಹಾಕಿದ ಲೆಕ್ಕವದು. ಆಗ ಊರಲ್ಲಿ ಯಾರಾದರೂ ಆಡು ಕೊಳ್ಳಲು ಬಂದರೆ ಕೊಡಬೇಡಿ. ಮರುದಿನ ಅಂಬೇಡ್ಕರ್ ಜಯಂತಿ, ಶಾಲೆಯಲ್ಲಿ ಪಾಠವಿಲ್ಲ. ರಾತ್ರಿ ಎಚ್ಚರವಿರಬಹುದು.